ಹಿತ್ತಲಿನಿಂದ ಹಗೇವಿನವರೆಗೆ

ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿಗೆ ಹೋದವರು ಸಾಮಾನ್ಯವಾಗಿ ನೋಡಿ ಬರುವುದು ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು. ಹೊಯ್ಸಳ ವೀರ ಸೋಮೇಶ್ವರನ ಆಳ್ವಿಕೆಯಲ್ಲಿ, ಸುಮಾರು 1250ರಲ್ಲಿ ಕಟ್ಟಿದ ತ್ರಿಕೂಟ ದೇಗುಲ ಅದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಜಾವಗಲ್ ಹೊರಗೇ ಉಳಿಯಿತು. ಅದು ಬೇರೆ ಮಾತು. ಈ ಸೀಮೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿದೆ, ದೇವರಿಗೆ ಬಿಟ್ಟ ಗದ್ದೆಯ ಅಳತೆ ಇದೆ, ನಂದಾದೀವಿಗೆಯ ಎಣ್ಣೆಗೆ ಕೊಟ್ಟ ದತ್ತಿಯ ವಿವರವಿದೆ. ಆದರೆ ದೇಗುಲದ ಸುತ್ತಲಿನ ಮನೆಗಳವರು ಮಳೆಯಿಲ್ಲದ ತಿಂಗಳುಗಳಲ್ಲಿ ಏನು ತಿಂದು ಬದುಕಿದರು ಎಂಬುದನ್ನು ಕಲ್ಲಿನ ಮೇಲೆ ಬರೆಸುವ ಅಗತ್ಯ ಯಾರಿಗೂ ಕಂಡಂತಿಲ್ಲ. ಆ ಚರಿತ್ರೆಯನ್ನು ಹಿತ್ತಲಿನಲ್ಲಿ, ಅಟ್ಟದ ಮೇಲೆ ಮತ್ತು ನೆಲದೊಳಗೆ ಹುಡುಕಬೇಕು.

ಮೊದಲು ನೆಲದ ಗುಣ. ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಸಕಲೇಶಪುರದಲ್ಲಿ ಸುರಿಯುವ ಮಳೆಯ ಸುಮಾರು ಮೂರನೇ ಒಂದು ಭಾಗ ಮಾತ್ರ ಅರಸೀಕೆರೆಗೆ ಬರುತ್ತದೆ. ಬೇಲೂರಿಗೆ ಬಾಬಾಬುಡನ್‌ಗಿರಿಯಿಂದ ಇಳಿದುಬರುವ ಯಗಚಿ ಇದೆ. ಜಾವಗಲ್ ಕಡೆಯವರು ನಂಬಿದ್ದು ಕೆರೆಯನ್ನು, ಬಾವಿಯನ್ನು ಮತ್ತು ಮುಗಿಲನ್ನು. ಒಂದು ವರ್ಷ ಬಂದ ಮಳೆ ಮರುವರ್ಷ ಬಂದೇ ಬರುತ್ತದೆಂಬ ಖಾತರಿ ಇಲ್ಲದ ಕಡೆ, ಬೆಳೆಯುವುದಷ್ಟೇ ಮುಖ್ಯವಾದ ವಿದ್ಯೆ ಬೆಳೆದದ್ದನ್ನು ಕಾಪಿಡುವುದು.

ಬೇಸಿಗೆಯಲ್ಲಿ ಹೊಲ ಬರಿದಾದರೂ ಹಿತ್ತಲು ಬರಿದಾಗುತ್ತಿರಲಿಲ್ಲ. ಅದಕ್ಕೆ ಕಾರಣ ಬಚ್ಚಲು. ಮಿಂದ ನೀರು, ಪಾತ್ರೆ ತೊಳೆದ ನೀರು ಒಂದು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೋ ಬಸಳೆಯ ಪಾತಿಗೋ ಸೇರುತ್ತಿತ್ತು. ಬಾವಿಯಲ್ಲಿ ನೀರಿದ್ದ ಮನೆಯವರು ದಂಟು, ಕೀರೆ, ಬದನೆ, ಹೀರೆ, ಸೌತೆ ಹಾಕುತ್ತಿದ್ದರು. ಇಲ್ಲದವರಿಗೆ ಬೇಲಿಯ ನುಗ್ಗೆ ಮರವೇ ತರಕಾರಿ ಅಂಗಡಿ. ಗಿಡಗಳ ಹೆಸರುಗಳಲ್ಲೂ ಚರಿತ್ರೆ ಅಡಗಿದೆ. ಬದನೆ, ಅವರೆ, ಸೋರೆ, ಹಾಗಲ, ಪಡವಲ ಹಳೆಯ ಕಾಲದಿಂದ ಇಲ್ಲಿನವು. ಸೀಮೆಬದನೆಯ ‘ಸೀಮೆ’ ಅದು ಹೊರಗಿನದೆಂದು ತಾನೇ ಹೇಳಿಕೊಳ್ಳುತ್ತದೆ. ಆಲೂಗಡ್ಡೆ, ಟೊಮೆಟೊ, ಸಿಹಿಕುಂಬಳ ಮತ್ತು ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರು ಭಾರತಕ್ಕೆ ಬಂದದ್ದು 1498ರಲ್ಲಿ. ಮೆಣಸಿನಕಾಯಿ ಬಂದದ್ದು ಅವರ ಹಿಂದೆ. ಅಂದರೆ ಜಾವಗಲ್ ದೇಗುಲದ ಶಿಲ್ಪಿಗಳು ಉಂಡ ಊಟದ ಖಾರವೆಲ್ಲ ಮೆಣಸಿನದು, ಮೆಣಸಿನಕಾಯಿಯದಲ್ಲ. ಹೊಸ ಖಾರ ಎಷ್ಟು ಬೇಗ ಮನೆಮಾತಾಯಿತೆಂದರೆ, ಹಳೆಯದೇ ಹೋಗಿ ‘ಕರಿಮೆಣಸು’, ‘ಕಾಳುಮೆಣಸು’ ಎಂಬ ವಿಶೇಷಣ ಅಂಟಿಸಿಕೊಳ್ಳಬೇಕಾಯಿತು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ ಎಂದು 1989ರಲ್ಲಿ ಇಬ್ಬರು ಅಮೆರಿಕನ್ ವಿದ್ವಾಂಸರು ವಾದಿಸಿದ್ದುಂಟು. ಕೊಲಂಬಸನಿಗಿಂತ ಮೊದಲೇ ಅಮೆರಿಕದ ಬೆಳೆ ಇಲ್ಲಿಗೆ ಬಂದಿತ್ತೆಂಬುದು ಅವರ ತರ್ಕ. ಅದು ಮುತ್ತುಗಳಿಂದ ಅಲಂಕರಿಸಿದ ಕಾಲ್ಪನಿಕ ಫಲವೆಂದು ಭಾರತದ ತಜ್ಞರು ಉತ್ತರ ಕೊಟ್ಟರು. ಅವರ ಮಾತೇ ಹೆಚ್ಚು ಸರಿಯೆನಿಸುತ್ತದೆ.

ಚೈತ್ರ, ವೈಶಾಖದ ಬಿಸಿಲು ಹೊಲದ ಕೆಲಸಕ್ಕೆ ಬಿಡುವು ಕೊಡುತ್ತದೆ. ಹೆಂಗಸರಿಗೆ ಮಾತ್ರ ವರ್ಷದಲ್ಲೇ ಹೆಚ್ಚಿನ ದುಡಿತ ಆಗಲೇ. ಹುಣಸೆಹಣ್ಣನ್ನು ಬಡಿದು, ಓಡು ತೆಗೆದು, ಬೀಜ ಬಿಡಿಸಿ, ಉಪ್ಪು ಬೆರೆಸಿ ಗಡಿಗೆಗೆ ತುಂಬಬೇಕು. ಬೂದುಗುಂಬಳ ತುರಿದು ಅರಳು ಸೇರಿಸಿ ಸಂಡಿಗೆ ಇಡಬೇಕು. ಹಸಿ ಮೆಣಸಿನಕಾಯಿಯನ್ನು ಸೀಳಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಮತ್ತೆ ನೆನೆಸಿ ಬಾಳಕ ಮಾಡಬೇಕು. ಗೋರಿಕಾಯಿಗೂ ಇದೇ ಸಂಸ್ಕಾರ. ಈ ಕ್ರಮದ ಹಿಂದಿನ ಲೆಕ್ಕ ಸರಳವಾದುದು: ಬಿಸಿಲು ನೀರನ್ನು ತೆಗೆಯುತ್ತದೆ, ಉಪ್ಪು ಉಳಿದ ನೀರನ್ನು ಹಿಡಿದಿಡುತ್ತದೆ, ಮಜ್ಜಿಗೆಯ ಹುಳಿ ಕೊಳೆಸುವ ಸೂಕ್ಷ್ಮಜೀವಿಗಳನ್ನು ದೂರವಿಡುತ್ತದೆ. ಉಪ್ಪೆಂದರೆ ಸಮುದ್ರದ ಉಪ್ಪೇ ಆಗಬೇಕಿರಲಿಲ್ಲ. ಮೈಸೂರು ಸೀಮೆಯ ಒಳನಾಡಿನಲ್ಲಿ ಉಪ್ಪಾರರು ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಬಿಸಿಲಿಗೆ ಬತ್ತಿಸಿ ಉಪ್ಪು ತೆಗೆಯುತ್ತಿದ್ದರು. ಆ ಕಸುಬು ಅಳಿದು, ಅವರ ಹೆಸರಷ್ಟೇ ಉಳಿದಿದೆ.

ತಿನ್ನುವುದನ್ನು ಉಳಿಸಿದರೆ ಸಾಲದು, ಬಿತ್ತುವುದನ್ನೂ ಉಳಿಸಬೇಕು. ಸೋರೆ, ಕುಂಬಳ, ಹೀರೆಯ ಬೀಜಗಳನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಬಿಡುವುದು ಒಂದು ಪದ್ಧತಿ. ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಹುರುಳಿಗೆ ಒಲೆಯ ಬೂದಿ ಬೆರೆಸುವುದು ಇನ್ನೊಂದು. ಮನೆಯ ಅಟ್ಟವೂ ಇದೇ ವ್ಯವಸ್ಥೆಯ ಭಾಗ. ತಿಪಟೂರು, ಅರಸೀಕೆರೆಯ ಹೆಸರಾಂತ ಉಂಡೆ ಕೊಬ್ಬರಿ ಬೇರೆ ಯಂತ್ರದಲ್ಲಿ ತಯಾರಾದದ್ದಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ಹತ್ತು-ಹನ್ನೆರಡು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗುಂಡಗೆ ಒಣಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಉಗ್ರಾಣ ಕಾಲ ಕೆಳಗಿತ್ತು. ಅದೇ ಹಗೇವು. ನೀರು ನಿಲ್ಲದ ಎತ್ತರದ ಜಾಗದಲ್ಲಿ, ಗಟ್ಟಿ ನೆಲ ನೋಡಿ, ಹೂಜಿಯ ಆಕಾರದಲ್ಲಿ ಅಗೆದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ವಿಶಾಲ. ಕಣದ ಕೆಲಸ ಮುಗಿದ ಮೇಲೆ ಒಳಗೆ ಒಣ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಮತ್ತೆ ಹುಲ್ಲು ಮುಚ್ಚಿ, ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. 1801ರಲ್ಲಿ ಹಳೇಬೀಡು, ಬೇಲೂರು ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಮೈಸೂರು ಸೀಮೆಯ ರಾಗಿ ಮತ್ತು ಅದನ್ನು ಕೂಡಿಡುವ ಗುಂಡಿಗಳ ಬಗ್ಗೆ ಬರೆದಿದ್ದಾನೆ. ಭತ್ತವಾಗಲಿ ಜೋಳವಾಗಲಿ ರಾಗಿಯಷ್ಟು ಬಾಳುವುದಿಲ್ಲ. ಕಾಳು ಸಣ್ಣದು, ಸಿಪ್ಪೆ ಒಗರು. ಹುಳಕ್ಕೆ ಸುಲಭದ ತುತ್ತಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಾಟದಿಂದಲೇ ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅಲ್ಲಿ ಹುಳು ಬದುಕಲಾರದು. ಮನುಷ್ಯನೂ ಬದುಕಲಾರ. ಅದಕ್ಕೇ ಹಗೇವಿನ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವ ರೂಢಿ ಇತ್ತು. ಅವಸರ ಮಾಡಿ ಇಳಿದು ಸತ್ತವರ ಕತೆ ಹಳೇ ಮೈಸೂರಿನ ಅನೇಕ ಹಳ್ಳಿಗಳಲ್ಲಿದೆ. ಇಳಿಯುತ್ತಿದ್ದವನು ಸಾಮಾನ್ಯವಾಗಿ ಯಜಮಾನನಲ್ಲ ಎಂಬುದನ್ನೂ ಹೇಳಬೇಕು.

ಹಗೇವು ಎಲ್ಲ ಮನೆಗಳಿಗೂ ಇರಲಿಲ್ಲ. ಹತ್ತಾರು ಖಂಡುಗ ರಾಗಿ ಮಿಗುವಷ್ಟು ಹೊಲವಿದ್ದವರದು ಹಗೇವು. ಸ್ವಲ್ಪ ಇದ್ದವರದು ಗುಡಾಣ. ಕೂಲಿಯವರದು ದಿನದ ಸೇರು. ಮಳೆಗಾಲ ಬರುವ ಹೊತ್ತಿಗೆ ಗುಡಾಣ ಬರಿದಾದವರು ಹಗೇವಿನವರ ಮನೆ ಬಾಗಿಲಿಗೆ ಹೋಗಿ ಕಾಳು ಸಾಲ ತಂದು, ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆದುಕೊಡುತ್ತಿದ್ದರು. ಹಳ್ಳಿಯ ಸ್ವಾವಲಂಬನೆಯನ್ನು ಕೊಂಡಾಡುವವರು ಈ ಪುಟವನ್ನು ಮಗುಚಿಬಿಡುವುದೇ ಹೆಚ್ಚು.

1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಈ ವ್ಯವಸ್ಥೆಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿತು. ಒಂದು ವರ್ಷ ಮಳೆ ತಪ್ಪಿದರೆ ಹಗೇವು ತಡೆಯುತ್ತದೆ. ಸಾಲಾಗಿ ತಪ್ಪಿದರೆ ಅದೂ ಬರಿದಾಗುತ್ತದೆ; ಬರಿದಾಗುವ ಮೊದಲೇ, ಬೆಲೆ ಏರಿದ ಕಡೆಗೆ ಕಾಳು ಹೊರಟುಹೋಗುತ್ತದೆ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಜೀವ ಹಿಡಿದುಕೊಂಡ ಎಷ್ಟೋ ಬಡವರಿಗೆ ನೆರವಾದದ್ದು ಯಾರೂ ಬಿತ್ತದ ಸೊಪ್ಪು, ಗೆಡ್ಡೆ. ಹೊಲದ ಬದುವಿನ ಅಣ್ಣೆಸೊಪ್ಪು, ಗೋಣಿಸೊಪ್ಪುಗಳನ್ನು ಈಗ ಬೆರಕೆಸೊಪ್ಪಿನ ಸಾರೆಂದು ಬಾಯಿ ಚಪ್ಪರಿಸಿ ಉಣ್ಣುತ್ತೇವೆ. ಯಾವ ಎಲೆ ತಿನ್ನಬಹುದು, ಯಾವುದು ಬಾರದು ಎಂಬ ಆ ತಿಳಿವಳಿಕೆ ಹಸಿವಿನ ಕಾಲದ ಗಳಿಕೆಯೂ ಹೌದು.

ಬರದ ನಂತರ, 1880ರ ದಶಕದಲ್ಲಿ ಬೆಂಗಳೂರಿನಿಂದ ಅರಸೀಕೆರೆ ದಾಟಿ ಹರಿಹರದ ಕಡೆಗೆ ರೈಲು ಹಳಿ ಬಂತು. ಕಾಳು ಹೊರಗಿನಿಂದ ಬರುವಂತಾಯಿತು, ಹೊರಗೆ ಹೋಗುವುದೂ ಸುಲಭವಾಯಿತು. ಎರಡನೆಯ ಮಹಾಯುದ್ಧದ ಕಾಲದ ಪಡಿತರ, ಆಮೇಲೆ ನ್ಯಾಯಬೆಲೆ ಅಂಗಡಿ, ಕೊನೆಗೆ 2013ರ ಅನ್ನಭಾಗ್ಯ ಬಂದವು. ಕೂಲಿಯವನು ಹಗೇವಿನವನ ಬಾಗಿಲು ಕಾಯುವುದು ತಪ್ಪಿತು. ಇದನ್ನು ನಷ್ಟವೆಂದು ಯಾರೂ ಅನ್ನಲಾರರು. ಹೋದದ್ದು ಇನ್ನೊಂದು ಕಡೆ: ಗೋಡೆಗೆ ತಟ್ಟಿದ್ದ ಬೀಜ ಹೋಗಿ ಅಂಗಡಿಯ ಪೊಟ್ಟಣ ಬಂತು, ಬಚ್ಚಲ ನೀರು ಚರಂಡಿ ಸೇರಿತು, ಹಿತ್ತಲಿದ್ದ ಜಾಗದಲ್ಲಿ ಮಗನ ಮನೆ ಎದ್ದಿತು. ಸಂಡಿಗೆ, ಬಾಳಕ ಉಳಿದುಕೊಂಡಿವೆ. ಮಹಿಳಾ ಸ್ವಸಹಾಯ ಸಂಘಗಳು ಅವನ್ನು ಮಾಡಿ ಮಾರುತ್ತಿವೆ. ಅತ್ತೆ ಸೊಸೆಯರು ಲೆಕ್ಕವಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಹೀಗೆ ಕಾಸಿನ ಬೆಲೆ ಬಂದದ್ದು ತೀರಾ ಈಚೆಗೆ.

ಹಗೇವುಗಳನ್ನು ಬಹುಪಾಲು ಮಣ್ಣು ತುಂಬಿ ಮುಚ್ಚಿದ್ದಾರೆ. ಮುಚ್ಚದೆ ಮರೆತವೂ ಇವೆ. ಮನೆಗೆ ಪಾಯ ತೆಗೆಯುವಾಗಲೋ ಜೋರು ಮಳೆಯ ಮಾರನೆಯ ದಿನವೋ ನೆಲ ಕುಸಿದು ಹೂಜಿಯಾಕಾರದ ಗುಂಡಿಯೊಂದು ಬಾಯಿ ತೆರೆಯುತ್ತದೆ. ನಿಧಿ ಸಿಕ್ಕಿತೆಂದು ಹುಡುಗರು ಓಡಿ ಬರುತ್ತಾರೆ. ಊರಿನ ಹಿರಿಯರು ಬಗ್ಗಿ ನೋಡಿ, ಇದು ಇಂಥವರ ಮನೆಯ ಹಗೇವು ಎಂದು ಗುರುತು ಹೇಳುತ್ತಾರೆ.