ಹತ್ತು ಶಾಲೆಗೊಬ್ಬ ಸಲಹೆಗಾರ

ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ಒಂದು ಸಬ್ಜೆಕ್ಟ್ ಹೋಗಿದ್ದಕ್ಕೆ ತುರುವೇಕೆರೆ ಕಡೆಯ ನನ್ನ ಗೆಳೆಯನೊಬ್ಬ ಓದು ಬಿಟ್ಟು ಕಾಯಿ ಸುಲಿಯಲು ಹೋದ. ಕರೆದು ಕೂರಿಸಿಕೊಂಡು ‘ಏನಾಯ್ತೋ?’ ಅಂತ ಕೇಳುವವರು ಶಾಲೆಯಲ್ಲಿ ಯಾರೂ ಇರಲಿಲ್ಲ.

ಅಂಥವರು ಇರಬೇಕು ಅಂತ 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು ಸ್ವಾಮಿ! ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರ, ಜಿಲ್ಲೆಗೊಂದು ಆಯ್ದ ಶಾಲೆಯಲ್ಲಿ ಪೂರ್ಣ ವ್ಯವಸ್ಥೆ, ಸಣ್ಣಪುಟ್ಟದ್ದಕ್ಕೆ ಮೇಷ್ಟ್ರು. ನಮ್ಮ ಪಾಲಿಗೆ ಬಂದದ್ದು ಮೇಷ್ಟ್ರು ಮಾತ್ರ; ಅವರಿಗೋ ಸಿಲಬಸ್ ಮುಗಿಸುವುದೇ ಸಾಕಾಗಿತ್ತು.

2018ರ ಸಿಬಿಎಸ್‌ಇ ಮಾನ್ಯತಾ ನಿಯಮ ತನ್ನ ಶಾಲೆಗಳಲ್ಲಿ ಆಪ್ತಸಲಹೆಗಾರರು ಇರಲೇಬೇಕು ಎಂದಿತು. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಆ ನಿಯಮ ಅನ್ವಯಿಸದು. ಒಂದೇ ಬೀದಿಯ ಮಕ್ಕಳಲ್ಲೂ ಯಾರ ಕಷ್ಟ ಕೇಳಬೇಕೆಂದು ಬೋರ್ಡೇ ತೀರ್ಮಾನಿಸುತ್ತದೆ.

ಗೆಳೆಯ ಈಗಲೂ ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನಲ್ಲಿ ಸಿಗುತ್ತಾನೆ. ನಿಮ್ಮ ಶಾಲೆಯಲ್ಲಿ ಕೇಳುವವರು ಯಾರಿದ್ದರು?