ಕಲ್ಯಾಣದ ವಿನೋದವೂ ಕಲ್ಯಾಣದ ನೆಮ್ಮದಿಯೂ

ನಮ್ಮ ಆಡುಮಾತಿನಲ್ಲಿ ಮೋಜು ಎಂಬ ಒಂದು ಶಬ್ದವಿದೆ. ನೆಮ್ಮದಿ ಎಂಬ ಇನ್ನೊಂದು ಶಬ್ದವಿದೆ. ಇವೆರಡನ್ನೂ ನಾವು ಸುಖವೆಂಬ ಒಂದೇ ಹೆಸರಿನಿಂದ ಕರೆದು ಸುಮ್ಮನಾಗುತ್ತೇವೆ. ಆದರೆ ಶಬ್ದಗಳ ಕುಲವನ್ನು ವಿಚಾರಿಸಿದರೆ ಇವು ಒಂದೇ ಮನೆತನದವಲ್ಲವೆಂದು ತಿಳಿಯುತ್ತದೆ. ಮೋಜು ಅರಬ್ಬೀ ಭಾಷೆಯಲ್ಲಿ ಹುಟ್ಟಿ, ಪಾರಸಿಯ ಮೂಲಕ ನಮ್ಮ ದೇಶಕ್ಕೆ ಬಂದ ಮಾತು. ಅದರ ಮೂಲಾರ್ಥ ಅಲೆ. ನೆಮ್ಮದಿಯಾದರೋ ಅಚ್ಚಗನ್ನಡದ್ದು, ಒರಗು, ಆತುಕೊಳ್ಳು ಎಂಬರ್ಥದ ‘ನೆಮ್ಮು’ ಎಂಬ ಧಾತುವಿನ ಬಳಗಕ್ಕೆ ಸೇರಿದುದು. ಅಲೆ ಏಳುತ್ತದೆ, ಬೀಳುತ್ತದೆ. ಅದು ಅದರ ಸ್ವಭಾವ. ಒರಗುವುದಕ್ಕೆ ಆಸರೆಯಾದುದು ಮಾತ್ರ ನಿಂತಿರಬೇಕು.

ಈ ವ್ಯತ್ಯಾಸವನ್ನು ತತ್ತ್ವಶಾಸ್ತ್ರದ ಮಾತುಗಳಿಂದ ವಿವರಿಸುವುದು ನನ್ನ ಉದ್ದೇಶವಲ್ಲ. ನಮ್ಮ ನಾಡಿನ ಚರಿತ್ರೆಯಲ್ಲಿಯೇ, ಒಂದೇ ಪಟ್ಟಣದಲ್ಲಿ, ಸುಮಾರು ನಲವತ್ತು ವರ್ಷಗಳ ಅವಧಿಯಲ್ಲಿ, ಈ ಎರಡು ಬಗೆಯ ಸುಖಗಳಿಗೂ ದೊರೆತಿರುವ ಸಾಕ್ಷ್ಯವನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ. ಆ ಪಟ್ಟಣ ಕಲ್ಯಾಣ. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಕಾಲ, ಕ್ರಿಸ್ತಶಕ ಹನ್ನೆರಡನೆಯ ಶತಮಾನ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಐವತ್ತು ವರ್ಷಗಳ ಕಾಲ ಆಳಿದನು. ಕಾಶ್ಮೀರದ ಬಿಲ್ಹಣ ಕವಿ ಅವನ ಆಸ್ಥಾನವನ್ನು ಅರಸಿಕೊಂಡು ಬಂದನು. ವಿಜ್ಞಾನೇಶ್ವರನು ಅವನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದನು. ಇಂತಹ ತಂದೆಯಿಂದ ಸಮೃದ್ಧವಾದ ರಾಜ್ಯವನ್ನು ಪಡೆದವನು ಮೂರನೆಯ ಸೋಮೇಶ್ವರ. ಭೂಲೋಕಮಲ್ಲನೆಂಬುದು ಅವನ ಬಿರುದು. ಸರ್ವಜ್ಞ ಚಕ್ರವರ್ತಿಯೆಂಬುದು ವಿದ್ವತ್ತಿಗಾಗಿ ಅವನಿಗೆ ಸಂದ ಹೆಸರು. ಅವನು ಸುಮಾರು ಹನ್ನೆರಡು ವರ್ಷ ಮಾತ್ರ ಆಳಿದನು. ತಂದೆಯಂತೆ ದಿಗ್ವಿಜಯಗಳಿಂದ ಅವನು ಪ್ರಸಿದ್ಧನಲ್ಲ. ಅವನ ಹೆಸರನ್ನು ಉಳಿಸಿರುವುದು ಒಂದು ಸಂಸ್ಕೃತ ಗ್ರಂಥ. ಅದರ ಹೆಸರು ಮಾನಸೋಲ್ಲಾಸ, ಎಂದರೆ ಮನಸ್ಸಿನ ಉಲ್ಲಾಸ. ಅಭಿಲಷಿತಾರ್ಥಚಿಂತಾಮಣಿ ಎಂದೂ ಅದನ್ನು ಕರೆಯುವರು. ಅದರ ಗ್ರಹಗಣಿತದ ಭಾಗದಲ್ಲಿ ಶಕವರ್ಷ 1051ನ್ನು ಆಧಾರವಾಗಿಟ್ಟುಕೊಂಡಿರುವುದರಿಂದ, ಕ್ರಿಸ್ತಶಕ 1129ರ ಸುಮಾರಿನಲ್ಲಿ ಅದು ರಚಿತವಾಯಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ.

ಈ ಗ್ರಂಥದಲ್ಲಿ ಐದು ವಿಂಶತಿಗಳಿವೆ. ಒಂದೊಂದು ವಿಂಶತಿಗೆ ಇಪ್ಪತ್ತು ಅಧ್ಯಾಯಗಳಂತೆ ಒಟ್ಟು ನೂರು ಅಧ್ಯಾಯಗಳು. ಮೊದಲನೆಯದು ರಾಜ್ಯವನ್ನು ಪಡೆಯುವ ಬಗೆ, ಎರಡನೆಯದು ಪಡೆದ ರಾಜ್ಯವನ್ನು ಸ್ಥಿರಪಡಿಸುವ ಬಗೆ, ಮೂರನೆಯದು ಉಪಭೋಗ, ನಾಲ್ಕನೆಯದು ವಿನೋದ, ಐದನೆಯದು ಕ್ರೀಡೆ. ನೂರರಲ್ಲಿ ಅರವತ್ತು ಅಧ್ಯಾಯಗಳು ಸುಖಕ್ಕೇ ಮೀಸಲಾಗಿವೆ ಎಂಬುದನ್ನು ಗಮನಿಸಿರಿ. ಸುಖವನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ಕ್ರಮಬದ್ಧವಾಗಿ ಪಟ್ಟಿಮಾಡಿದ ದೊರೆಗಳು ಪ್ರಪಂಚದ ಚರಿತ್ರೆಯಲ್ಲಿಯೇ ವಿರಳ.

ಆ ಪಟ್ಟಿಯೊಳಗೆ ಸ್ವಲ್ಪ ಸುತ್ತಾಡಿ ಬರೋಣ. ಉಪಭೋಗದಲ್ಲಿ ಸ್ನಾನ, ತಾಂಬೂಲ, ಗಂಧಲೇಪನ, ವಸ್ತ್ರ, ಹೂಮಾಲೆ, ಆಸನ, ಹಾಸಿಗೆ ಎಲ್ಲವೂ ಇವೆ. ಅನ್ನಭೋಗದ ಪ್ರಕರಣದಲ್ಲಿ ನಮ್ಮ ಇಂದಿನ ಇಡ್ಲಿ, ವಡೆ, ದೋಸೆಗಳ ಪೂರ್ವಜರು ಕಾಣಿಸಿಕೊಳ್ಳುತ್ತಾರೆ. ವಿನೋದದಲ್ಲಿ ಆನೆಗಳ ಕಾಳಗ, ಕುದುರೆಗಳ ಮೇಲಿನ ಚೆಂಡಾಟ, ಜಟ್ಟಿಗಳ ಕುಸ್ತಿ, ಹುಂಜಗಳ ಕಾಳಗ, ಟಗರುಗಳ ಕಾಳಗ, ಕೋಣಗಳ ಕಾಳಗ, ಡೇಗೆಯ ಬೇಟೆ, ಮೀನು ಹಿಡಿಯುವುದು, ಗೀತ, ವಾದ್ಯ, ನೃತ್ಯ, ಕಥೆ. ಮೀನಿನ ಪ್ರಕರಣವೊಂದರಲ್ಲಿಯೇ ಮೂವತ್ತಕ್ಕೂ ಮಿಕ್ಕಿದ ಜಾತಿಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಆಹಾರವೆಂಬುದನ್ನು ಹೇಳಿದೆ. ಕ್ರೀಡೆಯಲ್ಲಿ ವನಕ್ರೀಡೆ, ಉಯ್ಯಾಲೆ, ಜಲಕ್ರೀಡೆ, ಹುಲ್ಲುಹಾಸಿನ ಮೇಲಿನ ಆಟ, ಮರಳಿನ ಮೇಲಿನ ಆಟ, ಬೆಳುದಿಂಗಳಿನ ಆಟ, ಕತ್ತಲೆಯ ಆಟ; ಮಳೆಬಿದ್ದು ಮನೆಯೊಳಗೆ ಕುಳಿತರೆ ಚದುರಂಗ, ಪಗಡೆ, ಕವಡೆ, ಒಗಟು. ದಿನದ ಯಾವ ಗಳಿಗೆಯೂ, ಋತುವಿನ ಯಾವ ತಿಂಗಳೂ ಬರಿದಾಗದಂತೆ ಏರ್ಪಾಡಾಗಿದೆ.

ಇದನ್ನು ಓದಿ ಮೂಗು ಮುರಿಯುವುದು ಅರಸಿಕತೆ. ಹಾಡು ಕೇಳುವುದರಲ್ಲಿ, ಬೆಳುದಿಂಗಳಿನಲ್ಲಿ ಕುಳಿತು ಹರಟುವುದರಲ್ಲಿ ತಪ್ಪೇನಿದೆ? ಆದರೆ ಅರವತ್ತು ಅಧ್ಯಾಯಗಳನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ವಿನೋದದ ಮೂರು ಲಕ್ಷಣಗಳು ತಾವಾಗಿಯೇ ಎದ್ದು ತೋರುತ್ತವೆ.

ಮೊದಲನೆಯದು, ವಿನೋದಕ್ಕೆ ಸಾಮಗ್ರಿ ಬೇಕು. ಆನೆ ಬೇಕು, ಮಾವಟಿಗ ಬೇಕು, ಅಂಗಳ ಬೇಕು, ನೋಡುವ ಸಭೆ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ದಿನದ ವಿನೋದ ಕೆಟ್ಟಿತು. ಎರಡನೆಯದು, ವಿನೋದಕ್ಕೆ ಮತ್ತೊಂದು ವಿನೋದ ಬೇಕು. ಇಪ್ಪತ್ತು ವಿನೋದಗಳೂ ಇಪ್ಪತ್ತು ಕ್ರೀಡೆಗಳೂ ಏಕೆ ಬೇಕಾದುವು? ಒಂದೇ ಸಾಲದಾದುದರಿಂದಲ್ಲವೆ? ಪಟ್ಟಿಯ ಉದ್ದವೇ ಅದರೊಳಗಿನ ಒಂದೊಂದು ವಸ್ತುವಿನ ಕೊರತೆಗೆ ಸಾಕ್ಷಿ. ಮೂರನೆಯದು, ವಿನೋದದ ಬೆಲೆಯನ್ನು ಅನೇಕ ವೇಳೆ ಬೇರೆಯವರು ತೆರುತ್ತಾರೆ. ಹುಂಜದ ಕಾಳಗದಲ್ಲಿ ರಕ್ತ ಹುಂಜದ್ದು, ಉಲ್ಲಾಸ ನೋಡುವವರದು. ಆಯುಧ ಹಿಡಿದು ದ್ವಂದ್ವಯುದ್ಧ ಮಾಡುವ ಅಂಕಕಾರರ ಪ್ರಕರಣವೂ ಈ ಗ್ರಂಥದಲ್ಲಿದೆ. ಅಲ್ಲಿ ಪಣವಾಗಿರುವುದು ಮನುಷ್ಯನ ಮೈ.

ಯವನ ತತ್ತ್ವಜ್ಞನಾದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಕೊನೆಯ ಭಾಗದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದಾನೆ. ವಿನೋದವೇ ಸುಖವೆಂದು ಜನರು ಭ್ರಮಿಸುವುದೇಕೆ? ಅಧಿಕಾರದಲ್ಲಿರುವವರು ತಮ್ಮ ಬಿಡುವನ್ನು ವಿನೋದದಲ್ಲಿ ಕಳೆಯುವುದನ್ನು ಕಂಡು, ಎಲ್ಲವೂ ಇರುವವರು ಆರಿಸಿಕೊಂಡದ್ದೇ ಉತ್ತಮವಾಗಿರಬೇಕೆಂದು ಉಳಿದವರು ಎಣಿಸುತ್ತಾರೆ. ಆಟವು ದಣಿದವನಿಗೆ ವಿಶ್ರಾಂತಿ. ಮತ್ತೆ ಕೆಲಸಕ್ಕೆ ತೊಡಗಲೆಂದು ಅದು ಬೇಕು. ಅದೇ ಜೀವನದ ಗುರಿಯಾಗಲಾರದು ಎಂಬುದು ಅವನ ಅಭಿಪ್ರಾಯ.

ಸೋಮೇಶ್ವರನಿಗೆ ಇದು ತಿಳಿದಿರಲಿಲ್ಲವೆ? ತಿಳಿದಿತ್ತೆಂದೇ ನನ್ನ ನಂಬಿಕೆ. ಅದಕ್ಕೆ ಆಧಾರ ಅವನ ಗ್ರಂಥದ ಕ್ರಮ. ವಿನೋದದ ಪ್ರಕರಣಗಳನ್ನು ಮಾತ್ರ ಉದಾಹರಿಸುವವರು ಮೊದಲನೆಯ ವಿಂಶತಿಯನ್ನು ದಾಟಿಕೊಂಡು ಹೋಗುತ್ತಾರೆ. ಅಲ್ಲಿ ಆನೆಯೂ ಇಲ್ಲ, ಉಯ್ಯಾಲೆಯೂ ಇಲ್ಲ. ಮೊದಲನೆಯ ಅಧ್ಯಾಯ ಸುಳ್ಳನ್ನು ಬಿಡುವುದು. ಆಮೇಲೆ ಪರದ್ರೋಹವನ್ನು ಬಿಡುವುದು, ಅಸೂಯೆಯನ್ನು ಬಿಡುವುದು, ಕೋಪವನ್ನು ಬಿಡುವುದು, ತನ್ನನ್ನು ತಾನೇ ಹೊಗಳಿಕೊಳ್ಳುವುದನ್ನು ಬಿಡುವುದು. ಹೀಗೆ ಎಂಟು ಅಧ್ಯಾಯಗಳು ಬಿಡಬೇಕಾದುದನ್ನು ಕುರಿತವು. ಉಳಿದ ಹನ್ನೆರಡು ಆಚರಿಸಬೇಕಾದುದನ್ನು ಕುರಿತವು: ದಾನ, ಪ್ರಿಯವಚನ, ಅತಿಥಿಪೂಜೆ, ಗುರುಶುಶ್ರೂಷೆ, ದೀನರನ್ನೂ ಅನಾಥರನ್ನೂ ಆರ್ತರನ್ನೂ ಪೋಷಿಸುವುದು, ಕೊನೆಯಲ್ಲಿ ಶರಣಾಗತರ ರಕ್ಷಣೆ. ಅರಮನೆಯ ಉಪ್ಪರಿಗೆಗೆ ಹತ್ತುವ ಮೊದಲು ತಳಪಾಯದ ಕಲ್ಲುಗಳನ್ನು ಎಣಿಸಿಕೊ ಎಂಬಂತಿದೆ ಈ ಏರ್ಪಾಡು. ಶೀಲವಿಲ್ಲದವನಿಗೆ ರಾಜ್ಯವಿಲ್ಲ, ರಾಜ್ಯಸ್ಥೈರ್ಯವಿಲ್ಲದವನಿಗೆ ವಿನೋದವಿಲ್ಲ. ದೊರೆಗೆ ಕ್ರಮ ತಿಳಿದಿತ್ತು. ಆದರೆ ಮೊದಲ ಇಪ್ಪತ್ತು ಅಧ್ಯಾಯಗಳು ಕಡೆಯ ಅರವತ್ತಕ್ಕೆ ಮೆಟ್ಟಿಲುಗಳಾಗಿ ಮಾತ್ರ ನಿಂತವು. ಶೀಲದಲ್ಲಿಯೇ ಒಂದು ಸುಖವಿದೆಯೆಂಬುದು ಅವನ ಪಟ್ಟಿಯಲ್ಲಿ ಸೇರಲಿಲ್ಲ.

ಆದರೂ ಒಂದು ಕಡೆ ಅದರ ಸುಳಿವು ಸಿಕ್ಕುತ್ತದೆ. ಗೀತವಿನೋದದ ಪ್ರಕರಣದಲ್ಲಿ ನಾನಾ ದೇಶಭಾಷೆಗಳ ಹಾಡುಗಳನ್ನು ಹೇಳುತ್ತ, ಮಹಾರಾಷ್ಟ್ರದ ಹೆಂಗಸರು ಧಾನ್ಯವನ್ನು ಕುಟ್ಟುವಾಗ ಓವಿಯನ್ನು ಹಾಡುವರೆಂದು ದೊರೆ ಗುರುತಿಸಿದ್ದಾನೆ. ನಮ್ಮಲ್ಲಿಯೂ ಕುಟ್ಟುವ ಪದ, ಬೀಸುವ ಪದಗಳು ತ್ರಿಪದಿಯಲ್ಲಿ ಹರಿದುಬಂದಿವೆಯಷ್ಟೆ. ಆ ಹಾಡಿಗೆ ಸಭೆಯಿಲ್ಲ, ಕಾಣಿಕೆಯಿಲ್ಲ. ಕೆಲಸ ನಿಲ್ಲಿಸಿ ಹಾಡುವ ಹಾಡಲ್ಲ ಅದು; ಕೆಲಸದೊಳಗಿಂದಲೇ ಎದ್ದ ಹಾಡು. ಒನಕೆ ಕೈಯಲ್ಲಿರುವ ವರೆಗೂ ಅದು ಇರುತ್ತದೆ. ನಾಳೆ ಒನಕೆ ಹಿಡಿದರೆ ನಾಳೆಯೂ ಬರುತ್ತದೆ. ಚಕ್ರವರ್ತಿ ಅದನ್ನು ಕೇಳಿದನು. ಕೇಳಿ, ಬರೆದಿಟ್ಟು, ಮುಂದಿನ ವಿನೋದಕ್ಕೆ ಹೋದನು.

ಅವನು ಬಿಟ್ಟುಹೋದ ಆ ಎಳೆಯನ್ನು ಅದೇ ಪಟ್ಟಣದಲ್ಲಿ ಮುಂದಿನ ತಲೆಮಾರಿನವರು ಹಿಡಿದರು. ಸೋಮೇಶ್ವರನ ಕಾಲದಲ್ಲಿಯೇ ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಬಲಿತಿದ್ದನು. 1157ರ ಸುಮಾರಿಗೆ ಕಳಚುರಿ ಬಿಜ್ಜಳನು, ಚಾಲುಕ್ಯರ ಮಾಂಡಲಿಕನಾಗಿದ್ದವನು, ಅಧಿಕಾರವನ್ನು ತಾನೇ ಕೈಗೆ ತೆಗೆದುಕೊಂಡನು. ವಿನೋದದ ದೆಸೆಯಿಂದಲೇ ರಾಜ್ಯ ಹೋಯಿತೆಂದು ಹೇಳುವುದು ಚರಿತ್ರೆಗೆ ಅಪಚಾರ. ರಾಜ್ಯಗಳು ಬೀಳುವುದಕ್ಕೆ ನೂರು ಕಾರಣಗಳು. ಆದರೆ ಗ್ರಂಥ ಹುಟ್ಟಿದ ಮೂವತ್ತು ವರ್ಷಗಳೊಳಗಾಗಿ ಆ ಆನೆಗಳೂ ಆ ಅಂಗಳಗಳೂ ಕೈ ಬದಲಾಯಿಸಿದ್ದವೆಂಬುದು ನಿಜ. ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರ ಸುತ್ತ ಕಲ್ಯಾಣದಲ್ಲಿ ಶರಣರು ನೆರೆದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿಮಾಡುವ ಮಡಿವಾಳ ಮಾಚಯ್ಯ. ಇವರು ತಮ್ಮ ದುಡಿಮೆಗೆ ಕಾಯಕವೆಂಬ ಹೆಸರಿಟ್ಟರು. ಹೊಟ್ಟೆಗಾಗಿ ಮಾಡುವ ಕೆಲಸವೇ ಪೂಜೆಯೂ ಆಯಿತು. ಸುಖವನ್ನು ಕೆಲಸದ ಆಚೆ ಹುಡುಕಬೇಕಾದ ಅಗತ್ಯ ಉಳಿಯಲಿಲ್ಲ.

ಇವರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳ ಕಥೆ ಶೂನ್ಯಸಂಪಾದನೆಯ ಮೂಲಕ ನಮಗೆ ಬಂದಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು; ಅವನು ಹೆಚ್ಚಾಗಿಯೇ ಆಯ್ದು ತಂದನು. ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೇಕೆ ತಂದಿರಿ, ಇದು ಆಸೆಯಲ್ಲವೆ ಎಂದು ಕೇಳಿ, ಮಿಕ್ಕುದನ್ನು ಇದ್ದಲ್ಲಿಗೇ ಸುರಿದುಬರುವಂತೆ ಕಳುಹಿಸಿದಳು. ಸೋಮೇಶ್ವರನ ಮೂರು ವಿಂಶತಿಗಳನ್ನು ಒಂದು ಕೈಯಲ್ಲಿಯೂ ಈ ಹಿಡಿ ಅಕ್ಕಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ನೋಡಿರಿ. ಅಲ್ಲಿ ಸಾಕೆಂಬ ಮಾತಿಗೆ ಎಡೆಯೇ ಇಲ್ಲ. ಒಂದಾದ ಮೇಲೊಂದು ಬರಬೇಕು. ಇಲ್ಲಿ ಸಾಕೆಂಬುದೇ ಸಂಪತ್ತು. ಅಲ್ಲಿ ಇಲ್ಲದವರೂ ಇರುವವರ ಸುಖವನ್ನು ನೋಡಿ ಕರುಬಬಹುದು. ಇಲ್ಲಿ ಬಡ ಹೆಂಗಸೊಬ್ಬಳು ಮಂತ್ರಿಯ ಮನೆಯ ಅಕ್ಕಿಯನ್ನು ಬೇಡವೆಂದು ಹಿಂದಿರುಗಿಸುತ್ತಾಳೆ.

ಶರಣರು ನಗೆಯನ್ನೂ ಹಾಡನ್ನೂ ಬಿಟ್ಟ ಒಣಜನರೆಂದು ಯಾರೂ ತಿಳಿಯಬಾರದು. ಅವರ ಬಳಗದಲ್ಲಿ ಕಿನ್ನರಿ ನುಡಿಸುವ ಬ್ರಹ್ಮಯ್ಯನಿದ್ದನು. ನಗೆಯ ಮಾರಿತಂದೆ ಎಂಬವನಿದ್ದನು. ಜನರನ್ನು ನಗಿಸುವುದೇ ಅವನ ಕಾಯಕ. ದೊರೆಯ ಪಟ್ಟಿಯಲ್ಲಿಯೂ ನಗೆಯಿದೆ. ಆದರೆ ಅಲ್ಲಿ ನಗಿಸುವವನು ವಿನೋದದ ಸಾಮಗ್ರಿ, ಇಲ್ಲಿ ಅವನು ಸುಖದ ಪಾಲುಗಾರ. ವಿನೋದವನ್ನು ಅಳಿಸಿಹಾಕಿದರೆ ನೆಮ್ಮದಿ ಬರುವುದಿಲ್ಲ. ವಿನೋದ ತನ್ನ ಜಾಗದಲ್ಲಿ ಕುಳಿತರೆ ಅದೂ ನೆಮ್ಮದಿಯ ಮನೆಯ ಮಗುವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಶರಣರ ಕಲ್ಯಾಣವೂ ಉಳಿಯಲಿಲ್ಲವಷ್ಟೆ. 1167-68ರ ಸುಮಾರಿಗೆ ಅಲ್ಲಿ ಕ್ಷೋಭೆಯೆದ್ದಿತು. ಹರಳಯ್ಯ ಮಧುವರಸರು ಪ್ರಾಣತೆತ್ತರೆಂದು ಪರಂಪರೆ ಹೇಳುತ್ತದೆ, ಬಿಜ್ಜಳನೂ ಕೊಲೆಯಾದನು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಹಾಗಾದರೆ ಯಾವುದನ್ನು ಶಾಶ್ವತವೆನ್ನುವುದು? ಅರಮನೆಯೂ ಹೋಯಿತು, ಮಹಾಮನೆಯೂ ಹೋಯಿತು. ನಿಜ. ಆದರೆ ಹೋದ ರೀತಿಯಲ್ಲಿ ಭೇದವಿದೆ. ಅರಮನೆ ಹೋದಾಗ ಅದರ ಅರವತ್ತು ಸುಖಗಳೂ ಅದರೊಡನೆ ಹೋದವು. ಆನೆಯನ್ನು ಕಳೆದುಕೊಂಡವನಿಗೆ ಆನೆಯ ವಿನೋದ ಎಲ್ಲಿಂದ ಬರಬೇಕು? ಕಾಯಕವನ್ನು ಕಲಿತವರು ಉಳವಿಯ ಕಾಡಿಗೆ ಹೋದರೂ ಅದು ಅವರ ಕೈಯೊಡನೆಯೇ ಹೋಯಿತು. ಶಾಶ್ವತ ಸುಖವೆಂದರೆ ದುಃಖ ಬಾರದಿರುವ ಸುಖವೆಂದು ನಾವು ತಪ್ಪಾಗಿ ತಿಳಿದಿದ್ದೇವೆ. ದುಃಖ ಬಂದಾಗಲೂ ಒರಗುವುದಕ್ಕೆ ಆಸರೆಯಾಗಿ ನಿಲ್ಲುವುದು ಯಾವುದೋ ಅದೇ ಶಾಶ್ವತ. ಕನ್ನಡದ ಆ ಹಳೆಯ ಶಬ್ದ ಹೇಳುವುದೂ ಅಷ್ಟನ್ನೇ.

ಈ ವಿಚಾರ ದೊರೆಗಳ ಕಾಲಕ್ಕೆ ಮುಗಿದುಹೋದುದಲ್ಲ. ಅಂದು ಚಕ್ರವರ್ತಿಯೊಬ್ಬನಿಗೆ ಮಾತ್ರ ಸಾಧ್ಯವಾಗಿದ್ದ ಗೀತ, ನೃತ್ಯ, ಕಥೆ, ಕಾಳಗಗಳೆಲ್ಲವೂ ಇಂದು ಸಾಮಾನ್ಯ ಮನುಷ್ಯನ ಅಂಗೈಯೊಳಗೆ ಬಂದಿವೆ. ನಾವೆಲ್ಲರೂ ಒಂದು ಬಗೆಯಲ್ಲಿ ಭೂಲೋಕಮಲ್ಲರಾಗಿದ್ದೇವೆ; ನಮ್ಮ ಪಟ್ಟಿ ಅವನ ಪಟ್ಟಿಗಿಂತ ಉದ್ದವಾಗಿದೆ. ಅದನ್ನು ಅನುಭವಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಅನುಭವಿಸುವ ಮುನ್ನ ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳುವುದು ಒಳ್ಳೆಯದು. ಇದು ಮುಗಿದ ಮೇಲೆ ನನ್ನಲ್ಲಿ ಉಳಿಯುವುದೇನು? ಇದರ ಬೆಲೆಯನ್ನು ತೆರುತ್ತಿರುವವರು ಯಾರು? ಇದು ಇಲ್ಲದ ದಿನ ನಾನು ಯಾವುದನ್ನು ನೆಮ್ಮಿ ನಿಲ್ಲುವೆನು? ಮೊದಲಿನ ಎರಡಕ್ಕೆ ಬುದ್ಧಿ ಉತ್ತರ ಕೊಡಬಲ್ಲದು. ಮೂರನೆಯದಕ್ಕೆ ಉತ್ತರವನ್ನು ಒಬ್ಬೊಬ್ಬನೂ ತನ್ನ ದಿನದ ಕೆಲಸದಲ್ಲಿಯೂ ತನ್ನ ಮನೆಯವರ ನಡುವೆಯೂ ಹುಡುಕಿಕೊಳ್ಳಬೇಕು. ಮಿಕ್ಕ ಅಕ್ಕಿಯನ್ನು ಅಂಗಳದಲ್ಲಿ ಸುರಿದು ಬರಿಗೈಯಲ್ಲಿ ಮನೆಗೆ ಮರಳಿದ ಮಾರಯ್ಯನು ಆ ದಿನ ಯಾವುದನ್ನೂ ಕಳೆದುಕೊಂಡು ಬಂದವನಂತೆ ನನಗೆ ತೋರುವುದಿಲ್ಲ.