ತಾಯಿಗಾಗಿ ಕಟ್ಟಿಸಿದ ಬಸದಿ: ಚಂದ್ರಗಿರಿಯ ಕತ್ತಲೆ ಬಸದಿ

ಶ್ರವಣಬೆಳಗೊಳದ ಚಂದ್ರಗಿರಿಯ, ಅಂದರೆ ಚಿಕ್ಕಬೆಟ್ಟದ, ಬಸದಿಗಳಲ್ಲೆಲ್ಲ ಕತ್ತಲೆ ಬಸದಿ ದೊಡ್ಡದು. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಇದನ್ನು 12ನೇ ಶತಮಾನದ ಮೊದಲ ಭಾಗದಲ್ಲಿ ತಾಯಿ ಪೋಚವ್ವೆಗಾಗಿ ಕಟ್ಟಿಸಿದನು. ಶಾಸನಗಳಲ್ಲಿ ಆಕೆಗೆ ಪೋಚಿಕಬ್ಬೆ ಎಂಬ ಹೆಸರೂ ಇದೆ. ಜೈನ ವ್ರತನಿಷ್ಠೆಯಲ್ಲಿ ಬಾಳಿದ ಈ ಹಿರಿಯಳು ಸಲ್ಲೇಖನದಿಂದ, ಅಂದರೆ ಆಹಾರ ತ್ಯಜಿಸುವ ವ್ರತದಿಂದ, ದೇಹ ಬಿಟ್ಟಳು. ಮಗ ಆಕೆಯ ನೆನಪಿಗೆ ನಿಸಿದಿಯನ್ನೂ (ಸ್ಮಾರಕಶಿಲೆ) ನಿಲ್ಲಿಸಿದನು.

ಕಟ್ಟಡ ಕಣಶಿಲೆಯದು, ದ್ರಾವಿಡ ಶೈಲಿಯದು. ಗರ್ಭಗುಡಿಯ ಸುತ್ತ ಪ್ರದಕ್ಷಿಣಾಪಥವಿದೆ. ಈ ಬೆಟ್ಟದ ಬೇರೆ ಯಾವ ಬಸದಿಗೂ ಅದಿಲ್ಲ. ಬೆಳಕು ಮುಂಭಾಗದಿಂದ ಮಾತ್ರ ಬರುವುದರಿಂದ ಒಳಗೆ ಕತ್ತಲು. ಮೈಸೂರು ಅರಮನೆಯ ದೇವೀರಮ್ಮಣ್ಣಿ, ಕೆಂಪಮ್ಮಣ್ಣಿ ಮುಂದೆ ಇದನ್ನು ಜೀರ್ಣೋದ್ಧಾರ ಮಾಡಿಸಿದರು.

ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಗರ್ಭಗುಡಿಯ ಆದಿನಾಥ ತೀರ್ಥಂಕರನ ಪೀಠವನ್ನು ಗಮನಿಸಿ. ಅಲ್ಲಿನ ಚಿಕ್ಕ ಕನ್ನಡ ಬರಹದಲ್ಲಿ ತಾಯಿ ಪೋಚವ್ವೆ, ಗುರು ಶುಭಚಂದ್ರ ಸಿದ್ಧಾಂತದೇವ ಇಬ್ಬರ ಹೆಸರೂ ಇದೆ. ದಂಡನಾಯಕನು ತನ್ನನ್ನು ಆ ಗುರುವಿನ ಶಿಷ್ಯನೆಂದು ಹೇಳಿಕೊಂಡಿದ್ದಾನೆ. ಯುದ್ಧದ ಕೀರ್ತಿಗಿಂತ ಹೃದಯಕ್ಕೆ ಹತ್ತಿರವಾದ ಮಾತಿದು. 1123ರಲ್ಲಿ ಗುರು ತೀರಿಕೊಂಡಾಗ ಅವರಿಗೂ ಆತ ಇದೇ ಬೆಟ್ಟದಲ್ಲಿ ನಿಸಿದಿ ಮಾಡಿಸಿದನು.

ಈ ಮನೆತನದ ಇನ್ನೊಂದು ಬಸದಿಯನ್ನೂ ನೋಡಬೇಕೆನಿಸಿದರೆ, ಗಂಗರಾಜನ ಮಗ ಬೊಪ್ಪನ ಹೆಸರಿಗೆ ಸೇರಿದ ಶಾಂತಿನಾಥ ಬಸದಿಯನ್ನು ನಾಗಮಂಗಲ ತಾಲೂಕಿನ ಕಂಬದಹಳ್ಳಿಯಲ್ಲಿ ನೋಡಬಹುದು.